ಸರಿಯಿದ್ದ ಅಂಕಿಯನ್ನು ತಿದ್ದಿದ ಯಂತ್ರ

ಗುಂಡ್ಯಾ, ಚಿಟ್ಟಿ,

ಹೋದ ವಾರ ನಿಮ್ಮ ಫೋನಿನೊಳಗಿನ ಕಾರ್ಡು ಕೆಟ್ಟು, ಮದುವೆಯ ಫೋಟೋಗಳೆಲ್ಲ ಅರ್ಧ ಕಾಣಿಸಿ ಅರ್ಧ ಬೂದು ಬಣ್ಣವಾದವು. ನೀವಿಬ್ಬರೂ ಒಬ್ಬರ ಮೇಲೊಬ್ಬರು ತಪ್ಪು ಹಾಕಿ ಜಗಳವಾಡುತ್ತಿದ್ದಿರಿ. ನಾನು ಮೆಲ್ಲಗೆ ಕೇಳಿದೆ: "ಬರಿಯೋದು ತಪ್ಪೈತೋ, ಓದೋದು ತಪ್ಪೈತೋ?" ನೀವು ನಕ್ಕಿರಿ. "ಅದು ನಿನಗ ತಿಳಿಯಂಗಿಲ್ಲ ಬಿಡಬೇ ಅಜ್ಜಿ" ಎಂದಳು ಚಿಟ್ಟಿ. ನಾನು ಒಳಗೆ ಹೋಗಿ ಬೇಳೆ ಆರಿಸುತ್ತ ಕೂತೆ. ಎದುರಿಗೆ ಮಾತಾಡಲು ನನಗೆ ಮೊದಲಿನಿಂದಲೂ ಬರುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಅಂಥದೊಂದು ಕಾರ್ಡಿನ ದೆಸೆಯಿಂದ ನನ್ನ ಕೆಲಸ ಹೋಗುವುದರಲ್ಲಿತ್ತು. ಆಗ ನಿಮ್ಮ ಅಪ್ಪ ಆರನೇ ಈಯತ್ತೆ, ನಿಮ್ಮ ಅತ್ತೆ ಮೂರನೇದು.

ನಿಮ್ಮ ಅಜ್ಜ ವಳಕಮದಿನ್ನಿ ಕಡೆಗೆ ಹೋಗುವ ಉಪಕಾಲುವೆಯ ಮೇಲೆ ಗೇಜು ನೋಡುವ ಕೆಲಸದಲ್ಲಿದ್ದರು. ಕಾಲುವೆಯ ಗೋಡೆಗೆ ಅಂಕಿ ಬರೆದ ಪಟ್ಟಿಯೊಂದನ್ನು ನಿಲ್ಲಿಸಿರುತ್ತಾರೆ. ನೀರು ಎಷ್ಟನೆಯ ಅಂಕಿಯವರೆಗೆ ಬಂದಿದೆ ಎಂದು ನೋಡಿ ದಿನಕ್ಕೆ ಮೂರು ಸಲ ಪುಸ್ತಕದಲ್ಲಿ ಬರೆಯಬೇಕು. ಅಷ್ಟೇ ಕೆಲಸ. ಆದರೆ ಆ ಅಂಕಿಯ ಮೇಲೆ ಯಾವ ಊರಿಗೆ ಎಷ್ಟು ದಿನ ನೀರು ಬಿಡಬೇಕು ಎಂಬುದೆಲ್ಲ ನಿಂತಿರುತ್ತಿತ್ತು. ಅಜ್ಜ ಕಾಮಾಲೆಯಾಗಿ ತೀರಿಹೋದ ಮೇಲೆ, ತೊಂಬತ್ತರ ದಶಕದ ನಡುವಿನಲ್ಲಿ, ಸಿಂಧನೂರಿನ ಕಾಲುವೆ ದಫ್ತರದವರು ಅದೇ ಕೆಲಸವನ್ನು ದಿನಗೂಲಿಯ ಮೇಲೆ ನನಗೆ ಕೊಟ್ಟರು. ಮಸ್ಕಿ ಹತ್ತಿರದ ನನ್ನ ತವರಿನ ಶಾಲೆಯಲ್ಲಿ ಏಳನೆಯ ಈಯತ್ತೆಯವರೆಗೆ ಓದಿದ್ದು ಆಗ ಉಪಯೋಗಕ್ಕೆ ಬಂತು. ಕೆಲಸ ಖಾಯಂ ಅಲ್ಲ. ಸಾಹೇಬರು ನಾಳೆಯಿಂದ ಬರಬೇಡ ಎಂದರೆ ಮುಗಿಯಿತು. ನನಗೆ ಬೇರೆ ಕೆಲಸ ಗೊತ್ತಿರಲಿಲ್ಲ. ಗದ್ದೆಯಲ್ಲಿ ಬಗ್ಗಿ ನಾಟಿ ಮಾಡಲು ನಡುವಿನ ನೋವು ಬಿಡುತ್ತಿರಲಿಲ್ಲ.

ಅಂಕಿ ಬರೆಯುವುದರಲ್ಲಿ ನನಗೊಂದು ರೂಢಿಯಿತ್ತು. ಅದು ಬಂದದ್ದು ನಮ್ಮ ಅಪ್ಪನಿಂದ. ಅಪ್ಪ ಕುರಿ ಕಾಯುತ್ತಿದ್ದ. ಸಂಜೆ ಕುರಿಗಳು ದೊಡ್ಡಿಗೆ ಬರುವಾಗ ದೊಡ್ಡಿ ಬಾಯಿಯ ಒಂದು ಕಡೆ ಅವ್ವ, ಒಂದು ಕಡೆ ಅಪ್ಪ ನಿಲ್ಲುತ್ತಿದ್ದರು. ಅವ್ವ ಬಣ್ಣ ಹಿಡಿದು ಎಣಿಸುವಳು: ಕರಿ ಎಷ್ಟು, ಬಿಳಿ ಎಷ್ಟು, ಕೆಂದ ಎಷ್ಟು. ಅಪ್ಪ ಬಗೆ ಹಿಡಿದು ಎಣಿಸುವನು: ಹೆಣ್ಣುಕುರಿ ಎಷ್ಟು, ಟಗರು ಎಷ್ಟು, ಮರಿ ಎಷ್ಟು. ಎಣಿಸುವಾಗ ಒಬ್ಬರ ಜೊತೆ ಒಬ್ಬರು ಮಾತಾಡಬಾರದು. ಮುಗಿದ ಮೇಲೆ ಅವ್ವ "ಬಿಳೇದು ಒಂದು ಕಮ್ಮಿ" ಎಂದು, ಅಪ್ಪ "ಮರಿ ಒಂದು ಕಮ್ಮಿ" ಎಂದರೆ, ತಪ್ಪಿಸಿಕೊಂಡದ್ದು ಬಿಳಿ ಮರಿ. ದೊಡ್ಡಿಯೊಳಗೆ ಮತ್ತೆ ಹೊಕ್ಕು ಹುಡುಕುವ ಕೆಲಸವಿಲ್ಲ. ಅವ್ವನಿಗೆ ಒಂದು ಕಮ್ಮಿ ಬಂದು ಅಪ್ಪನಿಗೆ ಎಲ್ಲ ಸರಿ ಬಂದರೆ, ಅವ್ವನ ಎಣಿಕೆಯೇ ತಪ್ಪು. ಆಗ ಅಪ್ಪ, "ಕಣ್ಣ ಎಲ್ಲಿಟ್ಟಿದ್ದೆಬೇ, ತವರಮನಿ ದಾರೀ ಮ್ಯಾಲೇನು?" ಎಂದು ಕಾಡಿಸುವನು.

ಅದನ್ನೇ ನಾನು ಗೇಜು ಪುಸ್ತಕಕ್ಕೆ ಹಚ್ಚಿದೆ. ಒಂದು ದಿನದ ಮುಂಜಾನೆ, ಮಧ್ಯಾಹ್ನ, ಸಂಜೆಯ ಮೂರು ಅಂಕಿ ಕೂಡಿಸಿ ಸಾಲಿನ ಕೊನೆಗೆ ಸಣ್ಣದಾಗಿ ಬರೆಯುತ್ತಿದ್ದೆ. ವಾರದ ಕೊನೆಗೆ ಮುಂಜಾನೆಯವನ್ನೆಲ್ಲ ಕೂಡಿಸಿ ಕೆಳಗೆ, ಮಧ್ಯಾಹ್ನದವನ್ನೆಲ್ಲ ಕೂಡಿಸಿ ಕೆಳಗೆ. ದಫ್ತರದವರು ಯಾರೂ ಕೇಳಿರಲಿಲ್ಲ. ಗೇಟು ಏರಿಸಿ ಇಳಿಸುವ ಲಸ್ಕರ್ ಸಾಲಗುಂದದ ಮುದುಕ, ಬಾಯಿ ಸುಮ್ಮನಿರದ ಮನುಷ್ಯ. "ಯಕ್ಕಾ, ನೀರು ಕೂಡಿಸಿದ್ರ ಏನು ಬರ್ತತಿ? ಕೆಸರು ಬರ್ತತಿ" ಎನ್ನುತ್ತಿದ್ದ.

ನಾಲ್ಕೈದು ವರ್ಷ ಹೀಗೇ ನಡೆಯಿತು. ಆಮೇಲೆ ಹಳದಿ ಪೆಟ್ಟಿಗೆ ಬಂತು.

ಹೊರಗಿನ ಯಾವುದೋ ಕಂಪನಿಯವರು ಜೀಪಿನಲ್ಲಿ ಬಂದು ಗೇಜಿನ ಪಕ್ಕದ ಗೂಡಿನಲ್ಲಿ ಅದನ್ನು ಕೂರಿಸಿದರು. ಒಂದು ತಂತಿ ನೀರಿಗೆ ಇಳಿದಿತ್ತು. ಮುಖದ ಮೇಲೆ ಬೆರಳಗಲದ ಗಾಜು, ಕೆಳಗೆ ಅಂಕಿಯ ಗುಂಡಿಗಳು. ನಾನು ಬರೆಯುವ ಮೂರು ಹೊತ್ತೇ ಅದೂ ನೀರಿನ ಮಟ್ಟ ಅಳೆದು ಒಳಗಿನ ಕಾರ್ಡಿನಲ್ಲಿ ಬರೆದುಕೊಳ್ಳುತ್ತಿತ್ತು. ಕಾರ್ಡು ಬಿಸ್ಕತ್ತಿಗಿಂತ ತೆಳ್ಳಗೆ, ಒಂದು ಮೂಲೆ ಕತ್ತರಿಸಿದ್ದು. ಕರೆಂಟು ಹೋದರೂ ಬರೆದದ್ದು ಅಳಿಯುವುದಿಲ್ಲ ಎಂದು ಹೇಳಿ ಹೋದರು. ಪುಸ್ತಕ ಬಿಡಬೇಡ, ಎರಡೂ ತಾಳೆ ಬಂದ ಮೇಲೆ ನೋಡೋಣ ಎಂದರು ಸಿಂಧನೂರಿನ ಸಾಹೇಬರು.

ಬರೆಯುವ ಪೆಟ್ಟಿಗೆ ನಮ್ಮಲ್ಲಿ. ಓದುವ ಯಂತ್ರ ಲಿಂಗಸುಗೂರಿನ ದಫ್ತರದಲ್ಲಿ. ಯಾಕೆ ಹಾಗೆ ಎಂದು ನನಗೆ ಯಾರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಪ್ರತಿ ಸೋಮವಾರ ಮುಂಜಾನೆಯ ಅಂಕಿ ಬರೆದು, ಹಳೆಯ ಕಾರ್ಡು ತೆಗೆದು ಹೊಸದು ಹಾಕಿ, ಮಧ್ಯಾಹ್ನದ ಅಂಕಿ ಬರೆಯಲು ಲಸ್ಕರನಿಗೆ ಹೇಳಿ, ಸಿಂಧನೂರಿಗೆ ನಡೆದು, ಅಲ್ಲಿಂದ ಬಸ್ಸು ಹಿಡಿದು ಮಸ್ಕಿ, ಮಸ್ಕಿಯಲ್ಲಿ ಇಳಿದು ಇನ್ನೊಂದು ಬಸ್ಸು. ಲಿಂಗಸುಗೂರಿಗೆ ಮುಟ್ಟಿದರೆ ಗುಮಾಸ್ತರು, "ಕರೆಂಟ್ ಇಲ್ಲರೀ ಇವತ್ತ" ಎನ್ನುವರು. ಇಲ್ಲವೇ "ಕೋಣಿ ಕೀಲಿ ತಗೊಂಡು ಸಾಹೇಬ್ರು ಹೋಗ್ಯಾರ." ಕಾರ್ಡು ಅವರ ಕೈಗೆ ಕೊಟ್ಟು ಬರುವಂತಿಲ್ಲ, ಓದಿಸಿ ಸಹಿ ತರಬೇಕು. ಎಷ್ಟೋ ಸೋಮವಾರ ಹೋದ ದಾರಿಯಲ್ಲೇ ಬರಿಗೈಯಲ್ಲಿ ಬಂದೆ. ಮಂಗಳವಾರ ಮತ್ತೆ. ಮಸ್ಕಿ ಬಸ್‌ಸ್ಟ್ಯಾಂಡಿನಲ್ಲಿ ಕೂತು ಕೂತು ಅಲ್ಲಿನ ಕಲ್ಲುಬೆಂಚಿನ ಯಾವ ಮೂಲೆಗೆ ಎಷ್ಟು ಹೊತ್ತಿಗೆ ನೆರಳು ಬರುತ್ತದೆ ಎಂದು ಗೊತ್ತಾಗಿತ್ತು. ತವರು ಅಲ್ಲಿಂದ ಗಾವುದ ದೂರವೂ ಇಲ್ಲ, ಒಂದು ದಿನ ಹೋಗಿ ಬರಲಾಗಲಿಲ್ಲ.

ಯಂತ್ರ ಓದಿ ಕಾಗದದ ಮೇಲೆ ಅಚ್ಚು ಹಾಕಿ ಕೊಟ್ಟ ಪಟ್ಟಿಯನ್ನು ಸಿಂಧನೂರಿನ ಸಾಹೇಬರು ನನ್ನ ಪುಸ್ತಕದ ಜೊತೆ ಹಿಡಿದು ನೋಡಿದರು. ಎಲ್ಲ ತಾಳೆಯಾಗುತ್ತಿತ್ತು, ನಾಲ್ಕೈದು ಕಡೆ ಬಿಟ್ಟು. ಕೆಲವು ಕಡೆ ಅಂಕಿಯೇ ಇಲ್ಲ, ಬರೀ ಗೆರೆ. ಇನ್ನು ಕೆಲವು ಕಡೆ ಬೇರೆಯೇ ಅಂಕಿ. ನಾನು ಎಪ್ಪತ್ತನಾಲ್ಕು ಬರೆದ ಕಡೆ ಯಂತ್ರ ನೂರಾ ಆರು ಎನ್ನುತ್ತಿತ್ತು.

"ಮೂವತ್ತೆರಡು ಸೆಂಟಿಮೀಟರ್ ನೀರು ಎಲ್ಲಿಗೆ ಹೋತುಬೇ?" ಎಂದರು ಸಾಹೇಬರು. "ಮ್ಯಾಲಿನವ್ರಿಗೆ ಬಿಟ್ಟು ಕಮ್ಮಿ ಬರದೀಯೇನು?"

ಇಲ್ಲ ಎಂದು ತಲೆಯಾಡಿಸಿದೆ. ಸೆರಗು ಹೊದ್ದು ನಿಂತವಳ ತಲೆ ಆಡಿದ್ದು ಅವರಿಗೆ ಕಂಡಿತೋ ಇಲ್ಲವೋ.

ಮುಂದಿನ ವಾರ ನಾನು ಎಪ್ಪತ್ತೆರಡು ಬರೆದ ಕಡೆ ಯಂತ್ರ ಎಂಟು ಎಂದಿತು. ಒಂದು ವಾರ ನಾನು ನೀರು ಮುಚ್ಚಿಟ್ಟವಳು, ಮುಂದಿನ ವಾರ ಇಲ್ಲದ ನೀರು ಹುಟ್ಟಿಸಿದವಳು. ಲಸ್ಕರ್ ಕೇಳಿ, "ಎಂಟು ಸೆಂಟಿಮೀಟರ್ ಇದ್ದಿದ್ರ ನಾ ಕಾಲುವ್ಯಾಗ ಚಾಪಿ ಹಾಸಿ ಮಕ್ಕೋತಿದ್ನಲ್ಲ ಯಕ್ಕಾ" ಎಂದ. ದಫ್ತರಕ್ಕೆ ಬಂದು ಅದನ್ನೇ ಹೇಳು ಎಂದರೆ, "ನನ್ನ ಮಾತು ಅಲ್ಲಿ ಯಾರು ಕೇಳ್ತಾರ" ಎಂದು ಬೀಡಿ ಹಚ್ಚಿದ.

ಲಿಂಗಸುಗೂರಿನ ಗುಮಾಸ್ತರು ಒಂದು ದಿನ ನಾನು ಕಾರ್ಡು ತೆಗೆಯುವುದನ್ನು ನೋಡಿದರು. ಎಲೆ ಅಡಿಕೆಯ ಚಂಚಿಯ ಒಂದು ಖಾನೆಯಲ್ಲಿ ಅರಿವೆ ಸುತ್ತಿ ಇಟ್ಟಿರುತ್ತಿದ್ದೆ. ಪಕ್ಕದ ಖಾನೆಯಲ್ಲಿ ಸುಣ್ಣದ ಡಬ್ಬಿ. "ಸುಣ್ಣದ ಜೋಡಿ ಇಟ್ರ ಕೆಡಲಾರದ ಏನು ಮಾಡ್ತತಿ?" ಎಂದು ಅವರು ಸಿಂಧನೂರಿಗೆ ಕಾಗದ ಬರೆದರು. ಸುಣ್ಣದಿಂದ ಕಾರ್ಡು ಕೆಟ್ಟಿದೆ ಎಂದು ದಫ್ತರದಲ್ಲೆಲ್ಲ ಮಾತಾಯಿತು. ಚಪರಾಸಿ ನನ್ನನ್ನು ಕಂಡರೆ, "ಯಂತ್ರಕ್ಕೂ ಎಲಿ ತಿನ್ನಿಸ್ಯಾಳ" ಎಂದು ನಗುವನು. ನಾನು ಎಲೆ ಹಾಕುವುದನ್ನೇ ಬಿಟ್ಟೆ. ಕಾರ್ಡನ್ನು ನಿಮ್ಮ ಅಪ್ಪನ ಕಂಪಾಸ್ ಪೆಟ್ಟಿಗೆಯಲ್ಲಿ ಇಟ್ಟು ಒಯ್ದೆ. ತಪ್ಪುಗಳು ಒಂದೂ ಕಡಿಮೆಯಾಗಲಿಲ್ಲ. ಸುಣ್ಣದ ಮಾತನ್ನು ಯಾರೂ ಹಿಂದಕ್ಕೂ ತೆಗೆದುಕೊಳ್ಳಲಿಲ್ಲ.

ಮೂರು ತಿಂಗಳಾಯಿತು. ಕಾಲುವೆ ಕೊನೆಯ ಊರುಗಳವರು ನೀರು ಬಂದಿಲ್ಲವೆಂದು ತಕರಾರು ಕೊಟ್ಟರು. ದೊಡ್ಡ ಸಾಹೇಬರು ಪುಸ್ತಕ ನೋಡುತ್ತಾರೆ ಎಂದು ಸುದ್ದಿ ಬಂತು. ಆಗ ನಮ್ಮ ಸಾಹೇಬರು ನನ್ನನ್ನು ಕರೆದು ಮೆತ್ತಗೆ ಹೇಳಿದರು: "ನೋಡವ್ವಾ, ಯಂತ್ರ ಸುಳ್ಳು ಹೇಳಂಗಿಲ್ಲ. ತಾಳೆ ಬರ್ಲಾರದ ಕಡೆ ನಿನ್ನ ಪುಸ್ತಕ ತಿದ್ದಿಬಿಡು. ನಿನಗೂ ತ್ರಾಸಿಲ್ಲ, ನನಗೂ ತ್ರಾಸಿಲ್ಲ."

ಗುಂಡ್ಯಾ, ಚಿಟ್ಟಿ, ಇಲ್ಲಿ ನಾನು ಮಾಡಿದ ತಪ್ಪನ್ನು ಮುಚ್ಚಿಡದೆ ಬರೆಯುತ್ತೇನೆ. ನಾನು ತಿದ್ದಿದೆ. ಅಜ್ಜ ಗಡ್ಡ ಕೆರೆಯುತ್ತಿದ್ದ ಬ್ಲೇಡು ಮಾಡಿನ ಸಂದಿಯಲ್ಲಿತ್ತು. ಅದರಿಂದ ನನ್ನ ಅಂಕಿಗಳನ್ನು ಕೆರೆದು ಅಲ್ಲಿ ಯಂತ್ರದ ಅಂಕಿಗಳನ್ನು ಬರೆದೆ. ನೀರು ನನ್ನ ಕಣ್ಣಿನಿಂದ ನೋಡಿದ್ದು. ಎಪ್ಪತ್ತನಾಲ್ಕೇ ಇತ್ತು ಎಂದು ಗೊತ್ತು. ಆದರೂ ಕೆರೆದೆ. ಅಷ್ಟು ಸಲ ಸುಳ್ಳಿ ಎನ್ನಿಸಿಕೊಂಡ ಮೇಲೆ ನನಗೇ ಅನುಮಾನ ಬರತೊಡಗಿತ್ತು. ಬಗ್ಗಿ ನೋಡುವಾಗ ಬಿಸಿಲು ಕಣ್ಣಿಗೆ ಹೊಡೆದಿತ್ತೇನೋ, ಆರು ಎಂಬುದು ನಾಲ್ಕಾಗಿ ಕಂಡಿತೇನೋ ಎಂದು. ಸಾಲಿನ ಕೊನೆಯ ಕೂಡಿಸಿದ ಅಂಕಿಗಳನ್ನು ಮಾತ್ರ ಮುಟ್ಟಲಿಲ್ಲ. ಬ್ಲೇಡು ಹಿಡಿದ ಕೈ ಅಲ್ಲಿಗೆ ಬಂದು ನಿಂತಿತು. ಅಪ್ಪ ಅವ್ವನ ಎಣಿಕೆ ಅದು ಎಂದು ಕೈ ಹೋಗಲಿಲ್ಲ. ಯಾರು ಕೇಳುತ್ತಾರೆ ಅದನ್ನು, ಎಂದುಕೊಂಡೆ.

ದೊಡ್ಡ ಸಾಹೇಬರ ವಿಚಾರಣೆ ಲಿಂಗಸುಗೂರಿನಲ್ಲಿ, ಓದುವ ಯಂತ್ರವಿದ್ದ ಕೋಣೆಯಲ್ಲೇ ಆಯಿತು. ಅವರು, ನಮ್ಮ ಸಾಹೇಬರು, ಗುಮಾಸ್ತರು ಕುರ್ಚಿಯ ಮೇಲೆ. ನಾನು ಬಾಗಿಲ ಬಳಿ ನಿಂತೆ. ಗೆರೆಗಳು ಬರುತ್ತಿದ್ದುದಕ್ಕೆ ಕಂಪನಿಯಿಂದ ಒಬ್ಬ ರಿಪೇರಿ ಎಂಜಿನಿಯರೂ ಬಂದಿದ್ದ. ತೆಳ್ಳನೆಯ ಮನುಷ್ಯ, ಕನ್ನಡದೊಳಗೆ ತೆಲುಗು ಬೆರೆಸಿ ಮಾತಾಡುತ್ತಿದ್ದ. ಯಂತ್ರದ ಬೆನ್ನು ಬಿಚ್ಚಿ ನೆಲದ ಮೇಲೆ ಕೂತಿದ್ದ.

ದೊಡ್ಡ ಸಾಹೇಬರು ಪುಸ್ತಕವನ್ನು ಕಿಟಕಿಯ ಬೆಳಕಿಗೆ ಹಿಡಿದರು. ಕೆರೆದ ಕಡೆಯೆಲ್ಲ ಕಾಗದ ತೆಳ್ಳಗಾಗಿ ಬೆಳಕು ಹಾಯುತ್ತಿತ್ತು.

"ಇದನ್ನ ತಿದ್ದಿದವ್ರು ಯಾರು?"

ನಾನು ನಮ್ಮ ಸಾಹೇಬರ ಕಡೆ ನೋಡಿದೆ. ಅವರು ತಮ್ಮ ಪೆನ್ನಿನ ಮುಚ್ಚಳ ತೆಗೆದು ಹಾಕಿ, ತೆಗೆದು ಹಾಕಿ ಮಾಡುತ್ತಿದ್ದರು.

"ನಾನ್ರೀ" ಎಂದೆ.

"ಸರ್ಕಾರಿ ಪುಸ್ತಕ ತಿದ್ದ್ಯಾಳ, ಒಪ್ಪಿಕೊಂಡಾಳ. ಇನ್ನೇನು ಬೇಕು? ಒಂದನೇ ತಾರೀಖಿನಿಂದ ಬ್ಯಾರೆಯವ್ರನ್ನ ನೋಡ್ರಿ" ಎಂದು ದೊಡ್ಡ ಸಾಹೇಬರು ಪುಸ್ತಕ ಮೇಜಿನ ಮೇಲೆ ಒಗೆದರು. ತಿದ್ದದಿದ್ದರೆ ಸುಳ್ಳಿ, ತಿದ್ದಿದರೆ ಕಳ್ಳಿ. ನನಗೆ ಅಳು ಬರಲಿಲ್ಲ, ಸಿಟ್ಟು ಬಂತು. ಆದರೂ ತಿದ್ದಲು ಹೇಳಿದವರು ನಮ್ಮ ಸಾಹೇಬರೇ ಎಂದು ಹೇಳಲಿಲ್ಲ. ಆ ಸಿಟ್ಟು ಈಗಲೂ, ಇದನ್ನು ಬರೆಯುವಾಗಲೂ ಇದೆ.

ಎಂಜಿನಿಯರನಿಗೆ ತಾಳೆ ನೋಡಲು ಪುಸ್ತಕ ಬೇಕಿತ್ತು. ಎದ್ದು ತೆಗೆದುಕೊಂಡ. ಹಾಳೆ ತಿರುವುತ್ತ ತಿರುವುತ್ತ ನಿಂತು, ಸಾಲಿನ ಕೊನೆಯ ಸಣ್ಣ ಅಂಕಿಗಳ ಮೇಲೆ ಬೆರಳಿಟ್ಟ.

"ಅಮ್ಮಾ, ಈ ಪಕ್ಕದ ಚಿನ್ನ ಚಿನ್ನ ಅಂಕಿ ಏಮಿಟಿ?"

ಮೂರು ಹೊತ್ತಿನದು ಕೂಡಿಸಿದ್ದು ಎಂದೆ. ಕೆಳಗಿನದು? ವಾರದ್ದು ಕೂಡಿಸಿದ್ದು.

ಅವನು ಜೇಬಿನಿಂದ ಪೆನ್ಸಿಲ್ ತೆಗೆದ. ಒಂದು ಗುರುವಾರದ ಸಾಲು: ಎಪ್ಪತ್ತೊಂದು, ಕೆರೆದು ಬರೆದ ನೂರಾ ಆರು, ಎಪ್ಪತ್ತಮೂರು. ಕೊನೆಗೆ ಇನ್ನೂರಾ ಹದಿನೆಂಟು. ಅವನು ಇನ್ನೂರಾ ಹದಿನೆಂಟರಲ್ಲಿ ಎರಡೂ ಬದಿಯ ಅಂಕಿ ಕಳೆದ. ಎಪ್ಪತ್ತನಾಲ್ಕು ಉಳಿಯಿತು. ಕೆಳಗಿನ ಮಧ್ಯಾಹ್ನದ ಮೊತ್ತದಿಂದಲೂ ಹಾಗೇ ಕಳೆದು ನೋಡಿದ. ಅಲ್ಲೂ ಎಪ್ಪತ್ತನಾಲ್ಕು. ಹೀಗೆ ನಾನು ಕೆರೆದ ಒಂದೊಂದು ಅಂಕಿಯನ್ನೂ ಹೊರಗೆ ತೆಗೆದು ಪಕ್ಕದಲ್ಲಿ ಬರೆದ. ಅದರ ಪಕ್ಕ ಯಂತ್ರದ ಅಂಕಿ. ಎರಡರ ಅಂತರ. ಎಂಟು, ಹದಿನಾರು, ಮೂವತ್ತೆರಡು, ಅರವತ್ತನಾಲ್ಕು. ಮತ್ತೆ ಹದಿನಾರು.

"ಸಾರ್, ಇಲ್ಲಿ ನೋಡಿ" ಎಂದ. "ಮನುಷ್ಯರು ಸುಳ್ಳು ಬರದ್ರ ಐದು ಬರೀತಾರೆ, ಹತ್ತು ಬರೀತಾರೆ. ಪ್ರತಿ ಸಲ ಎಂಟು, ಅದರ ಎರಡರಷ್ಟು, ಮತ್ತೆ ಎರಡರಷ್ಟು ಅಂತ ಬರೆಯಲ್ಲ. ಅಂಕೀನ ಹಾಗೆ ಇಮ್ಮಡಿ ಇಮ್ಮಡಿ ಗುರುತಲ್ಲಿ ಇಡೋದು ಯಂತ್ರ ಮಾತ್ರ. ಇದು ಯಂತ್ರದ ಕೈಯಿ."

ಅವನು ಹೇಳಿದ್ದನ್ನು ನನಗೆ ತಿಳಿದಷ್ಟು ಹೇಳುತ್ತೇನೆ. ಕಾರ್ಡಿನೊಳಗೆ ಅಂಕಿ ಬರೆದಾಗ ಒಮ್ಮೊಮ್ಮೆ ಒಂದು ಗುರುತು ತಾನಾಗಿಯೇ ಅಳಿದು ಹೋಗುತ್ತದಂತೆ. ಅಂಥ ಕಾರ್ಡುಗಳ ಸ್ವಭಾವವೇ ಹಾಗೆ. ಅದಕ್ಕೇ ಪೆಟ್ಟಿಗೆ ಕಾರ್ಡಿನಲ್ಲಿ ಹಾಳೆಯಂತಿರುವ ಪ್ರತಿ ಭಾಗದ ಬದಿಗೆ ಎರಡು ಥರದ ಮೊತ್ತ ಬರೆದಿಡುತ್ತದೆ, ಅಡ್ಡದ್ದು ಒಂದು, ಉದ್ದದ್ದು ಒಂದು. ಓದುವ ಯಂತ್ರ ಅವೆರಡನ್ನೂ ತಾಳೆ ನೋಡಿ, ಯಾವ ಗುರುತು ತಪ್ಪಿದೆಯೋ ಅದನ್ನು ತಿದ್ದಿಕೊಳ್ಳುತ್ತದೆ. ಆದರೆ ನಮ್ಮ ಪೆಟ್ಟಿಗೆಯಲ್ಲಿ ಅಡ್ಡದ್ದು ಮೊದಲು, ಉದ್ದದ್ದು ಆಮೇಲೆ ಎಂದು ಹೊಂದಿಸಿದ್ದರು. ಲಿಂಗಸುಗೂರಿನ ಯಂತ್ರದಲ್ಲಿ ಉದ್ದದ್ದು ಮೊದಲು ಎಂದು ಹೊಂದಿಸಿದ್ದರು. ಕೂರಿಸಿದವರು ಬೇರೆ ಬೇರೆ, ಒಬ್ಬರನ್ನೊಬ್ಬರು ಕೇಳಿರಲಿಲ್ಲ. ಹೇಗೆ ತಿದ್ದಬೇಕೆಂದು ತಿಳಿಯದ ಕಡೆ ಯಂತ್ರ ಬರೀ ಗೆರೆ ಹಾಕುತ್ತಿತ್ತಂತೆ.

ದೊಡ್ಡ ಸಾಹೇಬರಿಗೆ ತಲೆಗೆ ಹತ್ತಲಿಲ್ಲ. "ಕಾರ್ಡು ಕೆಟ್ಟೈತೋ ಇಲ್ಲೋ, ಅಷ್ಟು ಹೇಳ್ರಿ" ಎಂದರು. ಎಂಜಿನಿಯರ್ ಮತ್ತೆ ಮೊದಲಿನಿಂದ ಹೇಳಿದ. ಮತ್ತೆ ಹತ್ತಲಿಲ್ಲ. ನನಗೆ ಮಾತ್ರ ಹತ್ತಿತ್ತು. ದೊಡ್ಡಿಯ ಬಾಯಿ ಕಣ್ಣ ಮುಂದೆ ಬಂದಿತ್ತು. ನನ್ನ ದನಿ ನನಗೇ ಬೇರೆಯವರದೆಂಬಂತೆ ಕೇಳಿಸಿತು:

"ಬಣ್ಣದ ಎಣಿಕೀನ ಬಗೀ ಎಣಿಕಿ ಅಂತ ತಿಳಕೊಂಡೈತ್ರೀ ಅದು. ಕುರಿ ಎಲ್ಲಾ ದೊಡ್ಡ್ಯಾಗ ಅದಾವು. ಎಣಿಕಿ ಅದಲುಬದಲಾಗಿ, ಇದ್ದ ಕುರೀನ ಇಲ್ಲ ಅಂತ ಹುಡುಕಾಕ ಹೊಂಟೈತಿ."

ಎಂಜಿನಿಯರ್, "ಅದೇ ಅಮ್ಮಾ, ಅದೇ" ಎಂದ. "ಕಾರ್ಡಲ್ಲಿ ಸರಿಯಾಗೇ ಇತ್ತು. ಸರಿಯಿದ್ದದನ್ನ ಯಂತ್ರ ತಿದ್ದಿ ಕೆಡಸ್ತು."

ನಾನೂ ಅದನ್ನೇ ಮಾಡಿದ್ದೆನಲ್ಲ ಎಂದು ಆಗ ಹೊಳೆಯಿತು.

ಅವನು ಅಲ್ಲೇ ಯಂತ್ರದ ಹೊಂದಿಕೆ ಬದಲಿಸಲು ಹೋದ. ಅದಕ್ಕೆ ಬೇರೆ ಕಾಲುವೆಗಳ ಕಾರ್ಡೂ ಬರುತ್ತವೆ, ಮುಟ್ಟಬೇಡಿ ಎಂದರು ಗುಮಾಸ್ತರು. ಹಾಗಾಗಿ ನಮ್ಮ ಪೆಟ್ಟಿಗೆಯನ್ನೇ ಬದಲಿಸಬೇಕಾಯಿತು. ಮರುದಿನ ಗೂಡಿಗೆ ಬಂದ. ಮೂರು ಗುಂಡಿ ಒತ್ತಿ ಒಳಗಿನ ಪಟ್ಟಿ ತೆರೆದು, ಯಾವ ಮೊತ್ತ ಮೊದಲು ಎಂದು ಹೇಳುವ ಏಳನೆಯ ಸಾಲಿಗೆ ಹೋಗಿ, ಒಂದು ಇದ್ದುದನ್ನು ಎರಡು ಮಾಡಿದ. ಆಮೇಲೆ ಮತ್ತೆ ಒಂದು ಮಾಡಿ, "ಈಗ ನೀವು ಮಾಡಿ ಅಮ್ಮಾ" ಎಂದ. ಎರಡು ಸಲ ತಪ್ಪಾಯಿತು. ಮೂರನೆಯ ಸಲ ಬಂತು. ಲಸ್ಕರ್ ಬಗ್ಗಿ ನೋಡಿ, "ಇಷ್ಟಕ್ಕ ಮೂರು ತಿಂಗಳು ಯಕ್ಕನ ಜೀವ ತಿಂದ್ರೇನಪಾ?" ಎಂದ. ಎಂಜಿನಿಯರ್ ತಲೆ ತಗ್ಗಿಸಿದ. ತಪ್ಪು ಅವನದಲ್ಲ, ಆದರೂ ತಗ್ಗಿಸಿದವನು ಅವನೊಬ್ಬನೇ.

ಅಲ್ಲಿಂದ ಪಟ್ಟಿಗೂ ಪುಸ್ತಕಕ್ಕೂ ತಾಳೆ ಬಂತು. ಒಂದನೆಯ ತಾರೀಖು ನಾನು ಎಂದಿನಂತೆ ಗೇಜಿಗೆ ಹೋದೆ, ಯಾರೂ ಬೇಡವೆನ್ನಲಿಲ್ಲ. ಆದರೆ ತಪ್ಪು ನನ್ನದಲ್ಲವೆಂದು ಒಂದು ಸಾಲು ಬರೆದು ಕೊಡಿರೆಂದು ಲಸ್ಕರನ ಕೈಲಿ ಕೇಳಿಸಿದರೆ ಸಾಹೇಬರು, "ಕೆಲಸ ಉಳಿತಲ್ಲ, ಮತ್ತೇನು ಬೇಕಂತ ಆಕಿಗೆ?" ಎಂದರಂತೆ. ದಫ್ತರದ ಕಾಗದದಲ್ಲಿ ಇವತ್ತಿಗೂ ಪುಸ್ತಕ ತಿದ್ದಿದವಳೆಂದೇ ಇರಬೇಕು.

ಇನ್ನೊಂದು ಪೀಡೆ ಉಳಿಯಿತು. ಪೆಟ್ಟಿಗೆಯ ಬ್ಯಾಟರಿ ಮುಗಿದು ಹೊಸದು ಹಾಕಿದಾಗಲೆಲ್ಲ ಏಳನೆಯ ಸಾಲು ತಾನಾಗಿ ಮತ್ತೆ ಒಂದಕ್ಕೆ ಬರುತ್ತಿತ್ತು. ಬ್ಯಾಟರಿ ಹಾಕಲು ಬಂದ ದಫ್ತರದವರಿಗೆ ಪ್ರತಿ ಸಲ ಹೇಳಬೇಕು, ಪ್ರತಿ ಸಲ ಅವರು "ಹೌದೇನು?" ಎಂದು ಮರೆತು ಹೋಗಬೇಕು. ಕೊನೆಗೆ ಹೇಳುವುದು ಬಿಟ್ಟೆ. ಅವರ ಜೀಪು ಏರಿಯ ಮೇಲೆ ತಿರುಗಿದ ಮೇಲೆ ನಾನೇ ಹೋಗಿ ಏಳಕ್ಕೆ ಎರಡು ಮಾಡಿ ಬರುತ್ತಿದ್ದೆ. ಆ ಪೆಟ್ಟಿಗೆಯನ್ನು ಕಿತ್ತು ಒಯ್ಯುವವರೆಗೆ ಹೀಗೇ ಮಾಡಿದೆ.

ನಿಮ್ಮ ಕಾರ್ಡಿನಲ್ಲಿ ಫೋಟೋ ಇನ್ನೂ ಸರಿಯಾಗಿಯೇ ಇರಬಹುದು. ಎಸೆಯುವ ಮೊದಲು ಬೇರೆ ಯಂತ್ರದಲ್ಲಿ ಒಮ್ಮೆ ಓದಿಸಿ ನೋಡಿ. ಅದನ್ನೇ ಅಂದು ಕೇಳಿದ್ದು ನಾನು.

ಈ ಹಾಳೆಗಳ ವಿಚಾರ ಒಂದು. ಪ್ರತಿ ಸಾಲಿನ ಕೊನೆಗೆ ಆ ಸಾಲಿನಲ್ಲಿ ಎಷ್ಟು ಪದ ಇವೆಯೆಂದು ಸಣ್ಣದಾಗಿ ಬರೆದಿದ್ದೇನೆ, ಹಾಳೆಯ ಕೆಳಗೆ ಎಷ್ಟು ಸಾಲೆಂದು. ಎಲ್ಲಾದರೂ ಹರಿದರೆ ಎಷ್ಟು ಹೋಯಿತೆಂದು ಗೊತ್ತಾಗುತ್ತದೆ. ಒಂದು ಕಡೆ ಬ್ಲೇಡಿನಿಂದ ಕೆರೆದ ಗುರುತಿದೆ. ಅಲ್ಲಿ ನಮ್ಮ ಸಾಹೇಬರ ಹೆಸರು ಬರೆದಿದ್ದೆ, ಬೇಡವೆನ್ನಿಸಿತು. ಅದನ್ನು ಮೊತ್ತ ಹಿಡಿದು ಹುಡುಕಬೇಡಿ. ಸುಣ್ಣದ ಡಬ್ಬಿಯ ಪಕ್ಕ ಇಟ್ಟರೂ ಇವು ಕೆಡುವುದಿಲ್ಲ. ನೀರು ಮತ್ತು ಗೆದ್ದಲು ಮುಟ್ಟದಂತೆ ಮಾತ್ರ ನೋಡಿಕೊಳ್ಳಿ, ಇಬ್ಬರೂ ಕೂಡಿ ಜೋಪಾನವಾಗಿ ಇಟ್ಟುಕೊಳ್ಳಿ.